ಕುಯ್ಲಿನ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳಿ

ದೇಶ ದೇಶದ, ಬೇರೆ ಬೇರೆ ಸಂಸ್ಕೃತಿಯ ಹೆಣ್ಣುಮಕ್ಕಳು ಕೈಜೋಡಿಸಿ ಕಾಫಿ ಉದ್ಯಮದಲ್ಲಿ ಮುಂದೆ ಬರುತ್ತಿರುವ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಓದಿ ತುಂಬಾ ಖುಷಿಯಾಯಿತು. 2003ರಲ್ಲಿ ಅಮೆರಿಕ, ಕೆನಡಾದ ಕಾಫಿ ಉದ್ಯಮದ ಮಹಿಳೆಯರು ಮಧ್ಯ ಅಮೆರಿಕದ ನಿಕರಾಗುವಾಗೆ ಹೋಗಿ ಅಲ್ಲಿನ ಬೆಳೆಗಾರ್ತಿಯರನ್ನು ಭೇಟಿಯಾದರು. ಅಂತರರಾಷ್ಟ್ರೀಯ ಮಹಿಳಾ ಕಾಫಿ ಒಕ್ಕೂಟ ಹುಟ್ಟಿದ್ದು ಹಾಗೆ. ಭಾರತದಲ್ಲೂ ಅದರ ಶಾಖೆ ಇದೆ.

ನಾನು ಮೂಡಿಗೆರೆ ಕಡೆಯವಳು. ನಮ್ಮದು ಸಣ್ಣ ತೋಟ. ಹಣ್ಣು ಕುಯ್ಯೋದು, ಕಣದಲ್ಲಿ ಒಣಗಿಸೋದು, ಕಸ ಆರಿಸೋದು, ಎಲ್ಲಾ ಹೆಚ್ಚಾಗಿ ಹೆಂಗಸರೇ. ಪಹಣಿಯಲ್ಲಿ ಮಾತ್ರ ಗಂಡಸರ ಹೆಸರು. ಅಮ್ಮ 30 ವರ್ಷ ತೋಟ ನೋಡಿಕೊಂಡರು, ಬೆಳೆಗಾರರ ಸಭೆಗೆ ಒಮ್ಮೆಯೂ ಯಾರೂ ಕರೆಯಲಿಲ್ಲ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದರೆ ಬೇರೆ ಸಂಸ್ಕೃತಿಯವರು ಅಂದರೆ ಬರೀ ವಿದೇಶದವರಲ್ಲ, ಅಲ್ವಾ? ಈಗ ನಮ್ಮ ಕಡೆಯ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳಲ್ಲಿ, ಅಸ್ಸಾಂನಿಂದ ಬಂದ ಹೆಣ್ಣುಮಕ್ಕಳೂ ಇದ್ದಾರೆ. ಸಂಜೆ ಹಣ್ಣು ತೂಗುವಾಗ ಎಷ್ಟು ಕೆಜಿ ಬರೆದುಕೊಂಡರು ಅಂತ ಕೇಳೋಕೂ ಅವರಿಗೆ ಭಾಷೆ ಬರೋದಿಲ್ಲ. ಹೋದ ಕುಯ್ಲಿನಲ್ಲಿ ನಮ್ಮ ಅತ್ತಿಗೆ ಅವರಲ್ಲೊಬ್ಬಳಿಗೆ ಕನ್ನಡ ಅಂಕಿ ಕಲಿಸಿದರು, ತಾವೂ ಅವಳ ಭಾಷೆಯ ನಾಲ್ಕು ಮಾತು ಕಲಿತರು. ಈಗ ತಕ್ಕಡಿ ಹತ್ತಿರ ನಿಂತು ಎಲ್ಲರ ಲೆಕ್ಕ ನೋಡುವವಳು ಅವಳೇ. ಇಂಥವರನ್ನೂ ಒಕ್ಕೂಟದ ಸಭೆಗೆ ಕರೆಯಬೇಕು. ದಯವಿಟ್ಟು ಇದರ ಬಗ್ಗೆಯೂ ಬರೆಯಿರಿ.