ಮಂಡಿನೋವಿದ್ದವರಿಗೆ ಸೈಬರ್ ತರಬೇತಿ

ಠಾಣೆಗೆ ಒಂದು ಮೆಮೋ ಬರುತ್ತದೆ. 'ಸೈಬರ್ ಅಪರಾಧ ತನಿಖೆ ಕುರಿತು ಐದು ದಿನಗಳ ವಿಶೇಷ ತರಬೇತಿ, ತಮ್ಮ ಠಾಣೆಯಿಂದ ಒಬ್ಬರನ್ನು ತಪ್ಪದೇ ನಿಯೋಜಿಸುವುದು.' ಇನ್ಸ್‌ಪೆಕ್ಟರ್ ಅದನ್ನು ಓದುತ್ತಾರೆ, ಕನ್ನಡಕ ತೆಗೆಯುತ್ತಾರೆ, ಠಾಣೆಯ ಕಾಗದಪತ್ರ ನೋಡಿಕೊಳ್ಳುವ ರೈಟರ್ ಮುಖ ನೋಡುತ್ತಾರೆ. ಈಗ ಅವರು 'ನಮ್ಮಲ್ಲಿ ಸೈಬರ್ ಕೇಸು ನೋಡೋರು ಯಾರು' ಅಂತ ಕೇಳುತ್ತಾರೆ ಅಂದುಕೊಂಡಿದ್ದರೆ ನಿಮಗೆ ಠಾಣೆಯ ಗಾಳಿ ತಾಗಿಲ್ಲ ಅಂತ ಅರ್ಥ. ಅವರು ಕೇಳೋದು ಒಂದೇ ಪ್ರಶ್ನೆ: 'ಐದು ದಿನ ಯಾರಿಲ್ಲದಿದ್ರೆ ನಡೆಯುತ್ತೆ?'

ಸೈಬರ್ ಕೇಸು ನೋಡುವವರನ್ನು ಕಳಿಸೋ ಹಾಗಿಲ್ಲ, ಅವರ ಮೇಜಿನ ಮೇಲೆ ಫೈಲ್ ಗುಡ್ಡ ಬಿದ್ದಿದೆ. ಚುರುಕಿನ ಹುಡುಗ ಪಿಎಸ್‌ಐ ಮಂತ್ರಿಗಳ ಎಸ್ಕಾರ್ಟ್‌ಗೆ ಹೋಗಬೇಕು. ಕಂಪ್ಯೂಟರ್ ಗೊತ್ತಿರುವ ಮಹಿಳಾ ಕಾನ್ಸ್‌ಟೇಬಲ್ ಹೋದರೆ ಎಫ್‌ಐಆರ್ ಟೈಪ್ ಮಾಡೋರೇ ಇಲ್ಲ. ರೈಟರ್ ಅಂತೂ ಕೇಳಲೇಬೇಡಿ, ಆತ ಒಂದು ದಿನ ರಜೆ ಹಾಕಿದರೆ ಠಾಣೆಗೆ ತನ್ನ ಹೆಸರೇ ಮರೆತುಹೋಗುತ್ತದೆ. ಉಳಿಯೋದು ನಮ್ಮ ಬೀದಿಯ ಎಎಸ್‌ಐ ಸಾಹೇಬರು. ನಿವೃತ್ತಿಗೆ ಐದು ತಿಂಗಳು, ಎರಡೂ ಮಂಡಿ ನೋವು, ಕೈಯಲ್ಲಿ ಬಟನ್ ಫೋನು.

ಹೀಗಾಗಿ ಅವರು ಎಲ್ಲ ತರಬೇತಿಗೂ ಹೋಗಿ ಬಂದಿದ್ದಾರೆ. ಸೈಬರ್ ಆಯಿತು, ಖೋಟಾನೋಟು ಆಯಿತು, ವನ್ಯಜೀವಿ ಅಪರಾಧ ಆಯಿತು, ಮಕ್ಕಳ ಜೊತೆ ಹೇಗೆ ಮಾತಾಡಬೇಕು ಅನ್ನೋದೂ ಆಯಿತು. ಕಾಗದದ ಲೆಕ್ಕದಲ್ಲಿ ಇಡೀ ಜಿಲ್ಲೆಗೇ ಅವರಷ್ಟು ನುರಿತ ತನಿಖಾಧಿಕಾರಿ ಇನ್ನೊಬ್ಬರಿಲ್ಲ. ಠಾಣೆಯಲ್ಲಿ ಅವರ ಕೆಲಸ ಪಾಸ್‌ಪೋರ್ಟ್ ಪರಿಶೀಲನೆ.

ಸಂಜೆ ಕಟ್ಟೆ ಮೇಲೆ ಕೂತಾಗ ಒಂದು ದಿನ ಕೇಳಿದೆ, 'ಸಾರ್, ಈ ಡಾರ್ಕ್ ವೆಬ್ ಅಂದ್ರೇನು?' ಅವರು ಸ್ವಲ್ಪ ಯೋಚಿಸಿ ಹೇಳಿದರು, 'ಅದನ್ನ ಊಟ ಆದ್ಮೇಲೆ ಲೈಟ್ ಆಫ್ ಮಾಡಿ ಹೇಳಿದ್ರು ಕಣ್ರೀ. ಎರಡು ರಾತ್ರಿ ಬೀಟ್ ಮಾಡಿ ಹೋಗಿದ್ದೆ. ಡಾರ್ಕ್ ಆಗಿದ್ದು ನೆನಪಿದೆ, ವೆಬ್ಬು ನೆನಪಿಲ್ಲ.'

ತಪ್ಪು ಅವರದ್ದಲ್ಲ ಬಿಡಿ. ಎರಡು ರಾತ್ರಿ ನಿದ್ದೆಗೆಟ್ಟವನ ಮುಂದೆ ಕತ್ತಲೆ ಕೋಣೆ, ಫ್ಯಾನು, ಬಿಸಿಬೇಳೆಬಾತು ಮೂರನ್ನೂ ಒಟ್ಟಿಗೆ ಇಟ್ಟು, ಗೋಡೆಯ ಮೇಲೆ ಇಂಗ್ಲಿಷ್ ಸ್ಲೈಡ್ ಓಡಿಸಿದರೆ ಬ್ರಹ್ಮನಿಗೂ ಬ್ಲಾಕ್‌ಚೈನ್ ತಲೆಗೆ ಹೋಗಲ್ಲ. ಕೊನೇ ದಿನ ಮಾತ್ರ ಎಲ್ಲರೂ ಎಚ್ಚರ ಇರುತ್ತಾರೆ, ಅವತ್ತು ಗ್ರೂಪ್ ಫೋಟೋ.

ಹಾಗಂತ ನಮ್ಮಲ್ಲಿ ಏನೂ ಇಲ್ಲ ಅಂತ ಹೇಳಿದರೆ ನಾಲಿಗೆ ಬಿದ್ದುಹೋದೀತು. ದೇಶದ ಮೊದಲ ಸೈಬರ್ ಪೊಲೀಸ್ ಠಾಣೆ ಬೆಂಗಳೂರಿನಲ್ಲಿ ಶುರುವಾಗಿದ್ದು 2001ರಲ್ಲಿ, ನಮ್ಮಲ್ಲಿ ಬಹಳ ಜನ ಇಮೇಲ್ ಅಂದರೆ ಟಪಾಲಿನ ಯಾವ ನಮೂನೆ ಅಂತ ಕೇಳುತ್ತಿದ್ದ ಕಾಲ ಅದು. ಈಗ ಜಿಲ್ಲೆ ಜಿಲ್ಲೆಗೂ ಸೈಬರ್ ಅಪರಾಧ ನೋಡುವ ಸೆನ್ ಠಾಣೆ ಇದೆ. ಸಿಐಡಿ ಕೇಂದ್ರ ಕಚೇರಿಯಲ್ಲೇ ಇನ್ಫೋಸಿಸ್ ಫೌಂಡೇಷನ್ ಕೈಜೋಡಿಸಿದ ಸೈಬರ್ ತನಿಖೆಯ ತರಬೇತಿ ಕೇಂದ್ರ ಇದೆ. ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ ಧಾರವಾಡದಲ್ಲೂ ಕ್ಯಾಂಪಸ್ ಮಾಡಿದೆ, ಅದಕ್ಕೆ 2023ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು. ಅಲ್ಲಿ ಕಲಿಸೋರು ಚೆನ್ನಾಗೇ ಕಲಿಸುತ್ತಾರೆ. ಕೆಲವರು ಚೆನ್ನಾಗೇ ಕಲಿತೂ ಬರುತ್ತಾರೆ. ಅಸಲಿ ತಮಾಷೆ ಶುರುವಾಗೋದು ಅವರು ಕಲಿತು ಬಂದ ಮೇಲೆ.

ಸಾಹೇಬರ ಪಕ್ಕದ ಬೆಂಚಿನಲ್ಲಿ ಕೂತು ನಿದ್ದೆ ಮಾಡದೆ ಕಲಿತ ಹುಡುಗ ಒಬ್ಬನಿದ್ದನಂತೆ. ಫೋನಿನಿಂದ ಅಳಿಸಿದ ಫೋಟೋ ವಾಪಸ್ ತೆಗೆಯುವ ವಿದ್ಯೆ ಅವನ ಕೈಗೆ ಹತ್ತಿತ್ತು. ಮೂರು ತಿಂಗಳಿಗೆ ಅವನಿಗೆ ಟ್ರಾಫಿಕ್‌ಗೆ ವರ್ಗ. ಈಗ ಸಿಗ್ನಲ್‌ನಲ್ಲಿ ಬಿಸಿಲಿಗೆ ನಿಂತು ಅಳಿಸಿಹೋದ ಜೀಬ್ರಾ ಕ್ರಾಸಿಂಗ್ ಎಲ್ಲಿತ್ತು ಅಂತ ಹುಡುಕುತ್ತಿದ್ದಾನೆ. ವಿದ್ಯೆ ಪೂರ್ತಿ ವ್ಯರ್ಥ ಆಯಿತು ಅನ್ನೋ ಹಾಗಿಲ್ಲ.

ಈ ವಿಷಯದಲ್ಲಿ ಇಲಾಖೆಯೊಳಗೆ ಅಚ್ಚುಕಟ್ಟಾದ ವಿಭಾಗ ಅಂದರೆ ಶ್ವಾನದಳ. ಸ್ಫೋಟಕದ ವಾಸನೆ ಕಲಿತ ನಾಯಿ ಸ್ಫೋಟಕ ಹುಡುಕುತ್ತದೆ. ಕಳ್ಳನ ಜಾಡು ಕಲಿತದ್ದು ಜಾಡು ಹಿಡಿಯುತ್ತದೆ. ಅದಕ್ಕೆ ಯಾರೂ 'ಇವತ್ತು ಗಣೇಶನ ಮೆರವಣಿಗೆ, ಲಾಠಿ ಹಿಡ್ಕೊಂಡು ಸರ್ಕಲ್‌ನಲ್ಲಿ ನಿಂತ್ಕೋ' ಅಂತ ಹೇಳಲ್ಲ. ಟೈಪಿಂಗ್ ಬರುತ್ತಾ ಅಂತ ಕೇಳಲ್ಲ. ಶಾಸಕರ ಪತ್ರ ತಂದು ನಾಯಿಯನ್ನು ಬೇರೆ ಠಾಣೆಗೆ ಹಾಕಿಸಿಕೊಂಡವರನ್ನೂ ನಾನು ಕಂಡಿಲ್ಲ. ಒಬ್ಬ ಮನುಷ್ಯ ಇನ್ಸ್‌ಪೆಕ್ಟರ್‌ಗೆ ನಾಯಿಗಿರುವಷ್ಟು ಕೆಲಸದ ಭದ್ರತೆ ಕೊಟ್ಟಿದ್ದರೆ ಸಾಕಿತ್ತು.

ನಾನೇನು ಹೊಸದಾಗಿ ಹೇಳ್ತಿಲ್ಲ. 2006ರಲ್ಲಿ ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ ಅವರ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. ತನಿಖೆ ಮಾಡುವವರು ಬೇರೆ, ಕಾನೂನು ಸುವ್ಯವಸ್ಥೆ ನೋಡುವವರು ಬೇರೆ ಇರಲಿ, ಹತ್ತು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರುಗಳಿಂದ ಶುರು ಮಾಡಿ, ಠಾಣೆಯ ಮುಖ್ಯಸ್ಥರನ್ನು ಕನಿಷ್ಠ ಎರಡು ವರ್ಷ ಒಂದು ಕಡೆ ಇರಲು ಬಿಡಿ ಅಂತ. ಅದು ಹೇಳಿ ಇಷ್ಟು ವರ್ಷ ಆಯಿತು. ಪೂರ್ತಿ ಬದಲಾಗಿದ್ದು ಕಾನ್ಸ್‌ಟೇಬಲ್‌ಗಳ ಟೋಪಿ. ಸ್ಲೌಚ್ ಹ್ಯಾಟ್ ಹೋಗಿ ಪೀಕ್ ಕ್ಯಾಪ್ ಬಂತು. ಟೋಪಿ ಒಳಗಿರುವವರು ಈಗಲೂ ಬೆಳಿಗ್ಗೆ ಕೊಲೆ ಕೇಸು, ಮಧ್ಯಾಹ್ನ ಧರಣಿ, ಸಂಜೆ ರಥೋತ್ಸವ. ನಡುವೆ ಟೈಮ್ ಸಿಕ್ಕರೆ ಕೇಸ್ ಡೈರಿ.

ಇದರ ಮೇಲೆ 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನು ಬಂತು. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧ ಆದರೆ ವಿಧಿವಿಜ್ಞಾನ ತಜ್ಞರು ಜಾಗಕ್ಕೆ ಬರಲೇಬೇಕು, ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಗಡುವು. ಶೋಧನೆ, ಜಪ್ತಿ ಎಲ್ಲ ವಿಡಿಯೋ ಆಗಬೇಕು, ಮೊಬೈಲ್‌ನಲ್ಲಾದರೂ ಸರಿ. ಅದಕ್ಕೆ ಇ-ಸಾಕ್ಷ್ಯ ಅಂತ ಆ್ಯಪ್ ಬಂದಿದೆ. ಕಾನೂನು ಚೆನ್ನಾಗಿದೆ. ಆದರೆ 'ಮೊಬೈಲ್‌ನಲ್ಲಾದರೂ ಸರಿ' ಅಂದವರು ಯಾರ ಮೊಬೈಲ್ ಅಂತ ಹೇಳುವುದನ್ನು ಮರೆತರು. ಕಾನ್ಸ್‌ಟೇಬಲ್ ಒಬ್ಬರು ತಮ್ಮ ಕಂತಿನ ಫೋನು ತೆಗೆದು ಜಪ್ತಿ ಶುರು ಮಾಡಿದರೆ 'ಸ್ಟೋರೇಜ್ ಫುಲ್' ಅಂತ ಬರುತ್ತದೆ. ಈಗ ಅವರು ಮಗಳ ಹುಟ್ಟುಹಬ್ಬದ ವಿಡಿಯೋ ಅಳಿಸಬೇಕೋ, ಗಾಂಜಾ ಜಪ್ತಿ ನಾಳೆಗೆ ಹಾಕಬೇಕೋ? ಇಂಥದ್ದಕ್ಕೆ ತರಬೇತಿ ಕೊಡಲಿ ನೋಡೋಣ.

ಹೊಸ ಸಾಕ್ಷ್ಯ ಕಾನೂನಿನ 63ನೇ ಕಲಂ ಇನ್ನೂ ಮಜಾ. ಡಿಜಿಟಲ್ ಸಾಕ್ಷ್ಯ ಕೊಟ್ಟರೆ ಅದರ ಜೊತೆಗಿನ ಪ್ರಮಾಣಪತ್ರದಲ್ಲಿ ಹ್ಯಾಶ್ ವ್ಯಾಲ್ಯೂ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಅಂತಿಟ್ಟುಕೊಳ್ಳಿ. ಒಳಗೆ ಒಂದು ಚುಕ್ಕಿ ಬದಲಾದರೂ ಹ್ಯಾಶ್ ಪೂರ್ತಿ ಬೇರೆ ಆಗುತ್ತದೆ, ಹಾಗಾಗಿ ಯಾರಾದರೂ ಕೈಯಾಡಿಸಿದ್ದರೆ ಸಿಕ್ಕಿಬೀಳುತ್ತಾರೆ. ಇದನ್ನು ಸಾಹೇಬರಿಗೆ ವಿವರಿಸಿದೆ. ಅವರು ಗಾಬರಿಯಾದರು. 'ಹಾಗಾದ್ರೆ ನಮ್ಮ ಮಹಜರಿಗೂ ಹಾಕ್ತಾರಾ?' ಅವರ ಭಯ ಸರಿಯಾಗಿದೆ. ಹತ್ತು ವರ್ಷದ ಮಹಜರು ತೆಗೆದು ನೋಡಿ. ಬಾತ್ಮೀದಾರರಿಂದ ಖಚಿತ ಮಾಹಿತಿ ಬಂದಿರುತ್ತದೆ, ಆಸಾಮಿ ಅನುಮಾನಾಸ್ಪದವಾಗಿ ತಿರುಗಾಡುತ್ತಿರುತ್ತಾನೆ, ಪೊಲೀಸರನ್ನು ಕಂಡು ಓಡಲು ಯತ್ನಿಸುತ್ತಾನೆ, ಬೆನ್ನಟ್ಟಿ ಹಿಡಿದು ವಿಚಾರಿಸಲಾಗಿ ಸಮಂಜಸ ಉತ್ತರ ಕೊಡುವುದಿಲ್ಲ. ಪಂಚರು ಅದೇ ಠಾಣೆ ಎದುರಿನ ಟೀ ಅಂಗಡಿಯವರು. ಹೆಸರು, ತಾರೀಖು ತೆಗೆದರೆ ಐವತ್ತು ಮಹಜರಿಗೂ ಒಂದೇ ಹ್ಯಾಶ್. ಯಾವ ಕಂಪ್ಯೂಟರ್ ವಿಜ್ಞಾನಿಗೂ ಆಗದ ಸಾಧನೆ.

ನಮ್ಮ ಮನೆಗೂ ಒಮ್ಮೆ ಕಳ್ಳ ಬಂದಿದ್ದ. ನಾವು ಮದುವೆಗೆ ಹೋಗಿದ್ದಾಗ ರಾತ್ರಿ ಬೀಗ ಒಡೆದು ಬೆಳ್ಳಿ ದೀಪ, ಸ್ವಲ್ಪ ದುಡ್ಡು ಒಯ್ದಿದ್ದ. ತನಿಖೆಗೆ ಬಂದ ಇಬ್ಬರು ಪೊಲೀಸರಲ್ಲಿ ಒಬ್ಬರು ಬಿದ್ದಿದ್ದ ಬೀಗ ಕೈಗೆತ್ತಿಕೊಂಡು 'ಇದೇನಾ ಬೀಗ?' ಅಂದರು. ನಾನು ಇಸ್ಕೊಂಡು ನೋಡಿ 'ಹೌದು, ಇದೇ' ಅಂದೆ. ಪಕ್ಕದ ಮನೆಯವರು 'ಕೊಡಿ ನೋಡೋಣ, ಯಾವ ಕಂಪನಿ' ಅಂದರು. ಬೀಗ ಪ್ರಸಾದದ ಹಾಗೆ ಬೀದಿಯೆಲ್ಲ ಸುತ್ತಿ ಬಂತು. ಬೀರುವಿನ ಬಾಗಿಲು ಎಷ್ಟು ತೆಗೆದಿತ್ತು ಅಂತ ನನ್ನ ಹೆಂಡತಿ ಮೂರು ಸಲ ತೆಗೆದು ಹಾಕಿ ತೋರಿಸಿದಳು. ಸಂಜೆ ಬೆರಳಚ್ಚಿನವರು ಬಂದು ಪುಡಿ ಬಳಿದು ನೋಡಿದಾಗ ಅಲ್ಲಿ ಇಡೀ ವಾರ್ಡಿನ ಮತದಾರರ ಪಟ್ಟಿ ಇತ್ತು. ಕಳ್ಳ ಒಬ್ಬನೇ, ಪಾಪ, ಗ್ಲೌಸ್ ಹಾಕಿಕೊಂಡು ಶಿಸ್ತಾಗಿ ಕೆಲಸ ಮಾಡಿದ್ದ.

ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಶುರುವಾಗಿದ್ದು ಇದೇ ದೇಶದ ಕಲ್ಕತ್ತಾದಲ್ಲಿ, 1897ರಲ್ಲಿ. ಅಲ್ಲಿ ವಿಂಗಡಿಸುವ ಲೆಕ್ಕಾಚಾರ ಕೂಡಿಸಿದ್ದು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್ ಇನ್ಸ್‌ಪೆಕ್ಟರ್‌ಗಳು. ಹೆಸರು ಹೋಗಿದ್ದು ದೊಡ್ಡ ಸಾಹೇಬರಾದ ಎಡ್ವರ್ಡ್ ಹೆನ್ರಿಗೆ. ಕೆಲಸ ಮಾಡೋರು ಒಬ್ಬರು, ವೇದಿಕೆ ಮೇಲೆ ಶಾಲು ಹೊದ್ದೋರು ಇನ್ನೊಬ್ಬರು ಅನ್ನೋ ಪದ್ಧತಿಗೂ ನಮ್ಮಲ್ಲಿ ಅಷ್ಟೇ ವಯಸ್ಸು.

ಇಷ್ಟೆಲ್ಲ ಕಷ್ಟ ಯಾಕೆ ಅಂತ ಒಂದು ಕಾಲದಲ್ಲಿ ನಾವು ಅಡ್ಡದಾರಿಯನ್ನೂ ಹಿಡಿದಿದ್ದೆವು. ಮಂಪರು ಪರೀಕ್ಷೆ. ದೇಶದ ನಾನಾ ಕಡೆಯ ಆರೋಪಿಗಳು ಬೆಂಗಳೂರಿಗೆ ಬಂದು, ಸೂಜಿ ಚುಚ್ಚಿಸಿಕೊಂಡು ತೊದಲಿ ಹೋಗುತ್ತಿದ್ದರು, ಆ ತೊದಲು ಟಿವಿಯಲ್ಲಿ ಬರುತ್ತಿತ್ತು. 2010ರ ಮೇನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಬ್ರೇಕ್ ಹಾಕಿತು, ಒಪ್ಪಿಗೆ ಇಲ್ಲದೆ ಯಾರಿಗೂ ಮಾಡುವ ಹಾಗಿಲ್ಲ ಅಂತ. ಆ ಕೇಸಿನ ಹೆಸರಲ್ಲೂ ನಮ್ಮ ರಾಜ್ಯವೇ ಇದೆ, ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ. ಊರಿಗೆ ಕೀರ್ತಿ ತರುವ ದಾರಿಗಳು ಹಲವು.

ಅತ್ತ ಕಳ್ಳರ ಕಡೆ ನೋಡಿ. ಪೊಲೀಸ್ ವೇಷದಲ್ಲಿ ವಿಡಿಯೋ ಕರೆ ಮಾಡಿ, ಹೆದರಿಸಿ ದುಡ್ಡು ಕೀಳುವ 'ಡಿಜಿಟಲ್ ಅರೆಸ್ಟ್' ಅನ್ನೋದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಆದರೆ ಅದನ್ನು ಮಾಡೋರಿಗೆ ಇರುವ ತರಬೇತಿ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಇಸ್ತ್ರಿ ಮಾಡಿದ ಯೂನಿಫಾರ್ಮ್, ಹಿಂದೆ ಠಾಣೆಯ ಸೆಟ್ಟು, ಯಾವ ಪ್ರಶ್ನೆಗೆ ಯಾವ ಉತ್ತರ ಅಂತ ಬರೆದಿಟ್ಟ ಸ್ಕ್ರಿಪ್ಟು. ಕಾಂಬೋಡಿಯಾ, ಮ್ಯಾನ್ಮಾರ್ ಕಡೆಯ ಅಡ್ಡೆಗಳಲ್ಲಿ ಕೆಲಸ ಕೊಡ್ತೀವಿ ಅಂತ ಕರೆದೊಯ್ದ ನಮ್ಮ ದೇಶದ ಹುಡುಗರನ್ನೇ ಕೂಡಿಹಾಕಿ ಕಲಿಸುತ್ತಾರೆ. ಅದು ನಗುವ ವಿಷಯ ಅಲ್ಲ. ಆದರೆ ಅಲ್ಲಿ ಕಲಿತವನೇ ಫೋನ್ ಮಾಡುತ್ತಾನೆ ಅನ್ನೋದನ್ನು ಗಮನಿಸಿ. 'ಫೋನ್ ಮಾಡೋನು ಬಿಜಿ ಇದ್ದಾನೆ, ಟ್ರೈನಿಂಗ್‌ಗೆ ಅಡುಗೆಯವನನ್ನ ಕಳಿಸಿ' ಅಂತ ಯಾವ ಕಳ್ಳ ನಾಯಕನೂ ಹೇಳಲ್ಲ.

ನಮ್ಮ ಸಾಹೇಬರು ನಿವೃತ್ತರಾದರು. ಸರ್ಟಿಫಿಕೇಟ್‌ಗಳಿಗೆಲ್ಲ ಕಟ್ಟು ಹಾಕಿಸಿ ಹಾಲ್‌ನಲ್ಲಿ ಸಾಲಾಗಿ ತೂಗಿಹಾಕಿದ್ದಾರೆ, ಮಗ ಒಂದು ಟಚ್ ಫೋನ್ ಕೊಡಿಸಿದ್ದಾನೆ. ಹೋದ ವಾರ ಅದಕ್ಕೆ ವಿಡಿಯೋ ಕರೆ ಬಂತಂತೆ. ಆ ಕಡೆ ಖಾಕಿ, ಭುಜದ ಮೇಲೆ ನಕ್ಷತ್ರ, ಹಿಂದೆ ಗಾಂಧಿ ಫೋಟೋ. 'ನಿಮ್ಮ ಆಧಾರ್ ಮೇಲೆ ಡ್ರಗ್ಸ್ ಪಾರ್ಸೆಲ್ ಬಂದಿದೆ, ನೀವು ಡಿಜಿಟಲ್ ಅರೆಸ್ಟ್‌ನಲ್ಲಿದ್ದೀರಿ' ಅಂದ. ಮೂವತ್ತೈದು ವರ್ಷದ ಅಭ್ಯಾಸ, ನಕ್ಷತ್ರ ಕಂಡ ತಕ್ಷಣ ಸಾಹೇಬರು ಮಂಡಿನೋವು ಮರೆತು ಎದ್ದು ನಿಂತರಂತೆ, ಸೆಲ್ಯೂಟೂ ಹೊಡೆದರಂತೆ.

'ಆಮೇಲೆ? ದುಡ್ಡು ಹಾಕಿಬಿಟ್ರಾ ಸಾರ್?' ಅಂತ ನಾನು ಹೆದರಿ ಕೇಳಿದೆ.

'ಇಲ್ಲಪ್ಪ. ಬಾಯಿಗೆ ಅದೇ ಬಂದ್ಬಿಡ್ತು. ಬಂದೋಬಸ್ತ್‌ನಲ್ಲಿದೀನಿ ಸಾರ್, ನಾಳೆ ಮಾಡಿ ಅಂತ ಹೇಳಿ ಇಟ್ಬಿಟ್ಟೆ.'