ನಾಲ್ಕು ಸಾವಿರ ಗಂಟೆಗಳ ನಂತರದ ಪ್ರಶ್ನೆ

ಕಳೆದ ತಿಂಗಳು ಪಕ್ಕದ ಮನೆಯ ಹುಡುಗ ನನ್ನ ಬಳಿ ಬಂದು, "ಮಾವ, ಮೂರು ಸಾವಿರ ಕೊಟ್ರೆ ವಾಚ್ ಅವರ್ಸ್ ತುಂಬಿಸಿಕೊಡ್ತಾರಂತೆ, ಕೊಡ್ಲಾ?" ಎಂದು ಕೇಳಿದ. ಅವನು ಡಿಪ್ಲೊಮಾ ಮುಗಿಸಿ ಮನೆಯ ಅಡಿಕೆ ತೋಟವನ್ನು ನೋಡಿಕೊಳ್ಳುತ್ತ, ಮದ್ದು ಹೊಡೆಯುವುದು, ಕೊನೆ ಕೊಯ್ಯುವುದು, ಒಣಗಿಸುವುದು ಇವನ್ನೆಲ್ಲ ವಿಡಿಯೋ ಮಾಡಿ ಯೂಟ್ಯೂಬ್‌ಗೆ ಹಾಕುತ್ತಾನೆ. ವಾಚ್ ಅವರ್ಸ್ ಎಂದರೆ ಆ ವಿಡಿಯೋಗಳನ್ನು ಜನ ನೋಡಿದ ಒಟ್ಟು ಗಂಟೆಗಳು. ಕೊಡಬೇಡ ಎಂದು ಆಗಲೇ ಹೇಳಿದೆ. ಆದರೆ ಈ ಪ್ರಶ್ನೆ ಅವನೊಬ್ಬನದಲ್ಲ. ಕನ್ನಡದಲ್ಲಿ ಚಾನೆಲ್ ನಡೆಸುವ ಬಹಳ ಜನ ಇದೇ ತಪ್ಪು ದಾರಿಯ ಬಾಯಲ್ಲಿ ನಿಂತಿದ್ದಾರೆ ಎಂಬ ಕಳವಳದಿಂದ ಇದನ್ನು ಬರೆಯುತ್ತಿದ್ದೇನೆ.

ಜಾಹೀರಾತಿನ ಹಣದಲ್ಲಿ ಪಾಲು ಪಡೆಯಲು 1,000 ಸಬ್‌ಸ್ಕ್ರೈಬರ್‌ಗಳು ಮತ್ತು ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಇರಬೇಕೆಂಬ ನಿಯಮ 2018ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಶಾರ್ಟ್ಸ್ ಎಂಬ ಪುಟ್ಟ ವಿಡಿಯೋಗಳನ್ನು ಮಾಡುವವರಾದರೆ ಗಂಟೆಗಳ ಬದಲು 90 ದಿನಗಳಲ್ಲಿ ಒಂದು ಕೋಟಿ ವೀಕ್ಷಣೆ ಆಗಬೇಕು. 500 ಸಬ್‌ಸ್ಕ್ರೈಬರ್‌ಗಳಿಂದ ಶುರುವಾಗುವ ಕೆಳಗಿನ ಮೆಟ್ಟಿಲೊಂದನ್ನು 2023ರಲ್ಲಿ ಸೇರಿಸಿದರಾದರೂ ಅದರಲ್ಲಿ ಜಾಹೀರಾತಿನ ಪಾಲು ಸಿಗುವುದಿಲ್ಲ. ಇಷ್ಟು ಎಲ್ಲರಿಗೂ ಬಾಯಿಪಾಠವಾಗಿದೆ. ಆದರೆ ಈ ಸಂಖ್ಯೆಗಳು ಅರ್ಜಿ ಹಾಕುವ ಅರ್ಹತೆಯನ್ನಷ್ಟೇ ಕೊಡುತ್ತವೆ, ಒಪ್ಪಿಗೆಯನ್ನಲ್ಲ ಎಂಬುದು ಎಷ್ಟೋ ಜನರಿಗೆ ಅರ್ಜಿ ತಿರಸ್ಕೃತವಾದ ದಿನವೇ ತಿಳಿಯುತ್ತದೆ. ನನಗೂ ಅಂದೇ ತಿಳಿದದ್ದು.

ನಮ್ಮ ತಂದೆ ಊರೂರು ಸುತ್ತಿ, ವೇಷ ಕುಣಿತಗಳಿಲ್ಲದೆ ಕೂತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯ ಕೂಟಗಳನ್ನು ಟೇಪ್ ರೆಕಾರ್ಡರ್‌ನಲ್ಲಿ ಹಿಡಿದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಬೂಸ್ಟು ಹಿಡಿಯುತ್ತಿದ್ದ ಆ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಇಳಿಸಿ, ಒಂದೊಂದು ಕೂಟಕ್ಕೆ ಒಂದೊಂದು ಚಿತ್ರ ಅಂಟಿಸಿ, ಚಾನೆಲ್‌ನಲ್ಲಿ ಹಾಕುತ್ತ ಹೋದೆ. ತಾಳಮದ್ದಳೆಗೆ ಗಂಟೆಗಳ ಲೆಕ್ಕ ಬಲು ಬೇಗ ತುಂಬುತ್ತದೆ. ಮೂರು ತಾಸಿನ ಕೂಟವನ್ನು ಒಬ್ಬೊಬ್ಬರು ಸರಾಸರಿ ನಲವತ್ತು ನಿಮಿಷ ಕೇಳಿದರೂ ಆರು ಸಾವಿರ ಕೇಳುಗರಿಗೆ 4,000 ಗಂಟೆ ಮುಗಿಯಿತು. ಅದೇ ಐದು ನಿಮಿಷದ ತಂಬುಳಿಯ ವಿಡಿಯೋವನ್ನು ಮೂರು ನಿಮಿಷ ನೋಡುವವರಾದರೆ ಎಂಬತ್ತು ಸಾವಿರ ಜನ ಬೇಕು. ಅಡುಗೆಮನೆಯಿಂದ ಚಾನೆಲ್ ನಡೆಸುವ ಹೆಣ್ಣುಮಕ್ಕಳ ಶ್ರಮ ಎಷ್ಟು ದೊಡ್ಡದು ಎಂಬುದು ಈ ಲೆಕ್ಕ ಹಾಕಿದಾಗಲೇ ನನಗೆ ಅರ್ಥವಾಯಿತು. ವರ್ಷ ತುಂಬುವ ಮೊದಲೇ ಅರ್ಜಿ ಹಾಕಿದೆ. ಮರುಬಳಕೆಯ ವಿಷಯ ಎಂಬ ಕಾರಣ ಹೊತ್ತು ಅದು ಹಿಂದಕ್ಕೆ ಬಂತು.

ಮೊದಲು ನೋವಾಯಿತು. ಕ್ಯಾಸೆಟ್ ನಮ್ಮದು, ರಾತ್ರಿಯೆಲ್ಲ ಕೂತು ಶಬ್ದ ಶುದ್ಧಗೊಳಿಸಿದವನು ನಾನು, ಮತ್ತೆ ಮರುಬಳಕೆ ಹೇಗಾಯಿತು ಎಂದು ಮನಸ್ಸು ವಾದಿಸಿತು. ನಿಧಾನವಾಗಿ ಯೋಚಿಸಿದಾಗ ಆ ತೀರ್ಮಾನ ಸರಿ ಎನಿಸಿತು. ಪದ ಹೇಳಿದವರು ಭಾಗವತರು, ವಾಲಿಯಾಗಿ ಕರ್ಣನಾಗಿ ಮಾತಾಡಿದವರು ಅರ್ಥಧಾರಿಗಳು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಮಾತಿನ ಶಕ್ತಿ ಅವರ ಇಡೀ ಬದುಕಿನ ಓದು ಮತ್ತು ಚಿಂತನೆಯಿಂದ ಬಂದದ್ದು. ಅಂಥವರ ದನಿಗೆ ಒಂದು ಚಿತ್ರ ಅಂಟಿಸಿದ ಮಾತ್ರಕ್ಕೆ ಅದು ನನ್ನ ಕೃತಿ ಆಗುವುದಿಲ್ಲ. ನಮ್ಮ ದೇಶದ ಹಕ್ಕುಸ್ವಾಮ್ಯ ಕಾಯ್ದೆಯೂ ಪ್ರದರ್ಶನ ನೀಡಿದ ಕಲಾವಿದರಿಗೆ 50 ವರ್ಷಗಳ ಹಕ್ಕನ್ನು ಕೊಟ್ಟಿದೆ. ಸಭೆಯಲ್ಲಿ ಕೂತು ಧ್ವನಿಮುದ್ರಿಸಿಕೊಂಡವನ ಮಗ ಎಂಬ ಕಾರಣಕ್ಕೆ ಆ ಹಕ್ಕು ನನಗೆ ಬರುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಎಲ್ಲರೂ ಗಮನಿಸಬೇಕು. ಕಲಾವಿದರ ಅಥವಾ ಅವರ ಮನೆಯವರ ಅನುಮತಿ ಪಡೆದರೆ ಹಕ್ಕುಸ್ವಾಮ್ಯದ ತೊಡಕು ಕಳೆಯಬಹುದು, ಆದರೆ ಮರುಬಳಕೆಯ ಆಕ್ಷೇಪ ಹೋಗುವುದಿಲ್ಲ. ಇವೆರಡೂ ಬೇರೆ ಬೇರೆ ನಿಯಮಗಳು. ಚಾನೆಲ್‌ನ ಮುಖ್ಯ ವಸ್ತು, ಹೆಚ್ಚು ಜನ ನೋಡಿದ ವಿಡಿಯೋಗಳು, ಹೊಸವು, ಶೀರ್ಷಿಕೆ ಮತ್ತು ಥಂಬ್‌ನೇಲ್ (ವಿಡಿಯೋದ ಮುಖಚಿತ್ರ), ಚಾನೆಲ್‌ನ ಪರಿಚಯ ಇವನ್ನೆಲ್ಲ ನೋಡುವ ಪರಿಶೀಲಕರು ಇದರಲ್ಲಿ ನೀವು ಸೇರಿಸಿದ್ದೇನು ಎಂದು ಕೇಳುತ್ತಾರೆ. 2025ರ ಜುಲೈಯಲ್ಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ವಿಡಿಯೋಗಳ ಮೇಲಿನ ನಿಯಮವನ್ನು ಇನ್ನಷ್ಟು ಸ್ಪಷ್ಟಗೊಳಿಸಿದ ಮೇಲೆ, ಯಂತ್ರದ ದನಿಗೆ ಅಂತರ್ಜಾಲದ ಚಿತ್ರಗಳನ್ನು ಪೋಣಿಸಿ ದಿನಕ್ಕೆ ಹತ್ತು ಹಾಕುವವರು ಈ ಪ್ರಶ್ನೆಗೆ ಉತ್ತರ ಹುಡುಕಲೇಬೇಕಾಗಿದೆ.

ನಾನು ಹಳೆಯ ವಿಡಿಯೋಗಳನ್ನೆಲ್ಲ ತೆಗೆದೆ. ತೆಗೆದ ವಿಡಿಯೋಗಳ ಗಂಟೆಗಳು ಲೆಕ್ಕದಿಂದಲೂ ಹೋಗುತ್ತವೆ; ಅದನ್ನು ತಿಳಿದೇ ತೆಗೆದೆ. ಆಮೇಲೆ ಸುಳಿವು ಸಿಕ್ಕ ಕಲಾವಿದರ ಮನೆಗಳಿಗೆ ಹೋಗಿ ಒಪ್ಪಿಗೆ ಕೇಳಿದೆ. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಗಂಡನ ದನಿಯನ್ನು ಹದಿನೈದು ವರ್ಷಗಳ ಮೇಲೆ ಕೇಳಿ ಅತ್ತರು, ಹಾಕು ಎಂದರು. ಇನ್ನೊಂದು ಮನೆಯವರು ಬೇಡವೆಂದರು, ಹಾಕಲಿಲ್ಲ. ಈಗ ಕ್ಯಾಮೆರಾ ಮುಂದೆ ನಾನೇ ಕೂತು, ಪ್ರಸಂಗದ ಸಂದರ್ಭ ಹೇಳಿ, ಅರ್ಥಧಾರಿ ಯಾವ ಮಾತನ್ನು ಹಿಡಿದು ವಾದವನ್ನು ಹೇಗೆ ತಿರುಗಿಸಿದರು ಎಂದು ವಿವರಿಸುತ್ತ ನಡುನಡುವೆ ಧ್ವನಿಯ ತುಣುಕುಗಳನ್ನು ಕೇಳಿಸುತ್ತೇನೆ. ಗಂಟೆಗಳು ನಿಧಾನವಾಗಿ ಬಂದವು, ಆದರೆ ಎರಡನೆಯ ಅರ್ಜಿಗೆ ಒಪ್ಪಿಗೆ ಸಿಕ್ಕಿತು.

ಒಪ್ಪಿಗೆಯ ನಂತರದ ಕೆಲಸಗಳಲ್ಲಿ ಹೆಸರಿನ ವಿಷಯಕ್ಕೆ ಎಚ್ಚರ ಬೇಕು. ನಮ್ಮಲ್ಲಿ ಬ್ಯಾಂಕಿನಲ್ಲಿ ಇನಿಷಿಯಲ್, ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರಿನೊಡನೆ ವಿಸ್ತರಿಸಿದ ರೂಪ, ಆಧಾರ್‌ನಲ್ಲಿ ಮೂರನೆಯದು ಇರುತ್ತದೆ. ಜಾಹೀರಾತಿನ ಹಣ ಬಂದು ಸೇರುವ ಗೂಗಲ್‌ನ ಆಡ್‌ಸೆನ್ಸ್ ಖಾತೆ ತೆರೆಯುವ ಮೊದಲೇ ಸರಿಪಡಿಸಿಕೊಳ್ಳಿ. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಿಕೊಳ್ಳಲು ಅಂಚೆಯಲ್ಲಿ ಪಿನ್ ಎಂಬ ಗುಪ್ತಸಂಖ್ಯೆ ಬರುತ್ತದೆ, ನಾಲ್ಕು ತಿಂಗಳೊಳಗೆ ನಮೂದಿಸದಿದ್ದರೆ ಜಾಹೀರಾತು ನಿಲ್ಲುತ್ತದೆ. ಹಳ್ಳಿಯವರು ಮನೆಯ ಹೆಸರನ್ನು ಪೋಸ್ಟ್‌ಮ್ಯಾನ್ ಗುರುತಿಸುವಂತೆ ಬರೆಯಬೇಕು. ಅಮೆರಿಕದ ತೆರಿಗೆ ಮಾಹಿತಿಯನ್ನೂ ತುಂಬಲೇಬೇಕು, ಇಲ್ಲದಿದ್ದರೆ ಒಟ್ಟು ಗಳಿಕೆಯಲ್ಲಿ 24 ಶೇಕಡದವರೆಗೆ ಕಡಿತವಾಗಬಹುದು. ಹಣ ಕೈಗೆ ಬರುವುದು 100 ಡಾಲರ್ ದಾಟಿದ ಮೇಲೆ.

ಗಂಟೆ ಮಾರುವವರ ಮಾತಿಗೆ ಮರಳುತ್ತೇನೆ. ಹಣ ಕೊಟ್ಟು ತಂದ ವೀಕ್ಷಣೆಯೂ, ವಾಟ್ಸಾಪ್ ಗುಂಪುಗಳಲ್ಲಿ ನೀನು ನನಗೆ ನಾನು ನಿನಗೆ ಎಂದು ಹಂಚಿಕೊಳ್ಳುವ ಸಬ್‌ಸ್ಕ್ರೈಬರ್‌ಗಳೂ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಚಾನೆಲ್ಲೇ ಅಳಿಯಬಹುದು. ಅಷ್ಟೇ ಕೆಟ್ಟ ಸಂಗತಿಯೆಂದರೆ, ಸಾವಿರ ಜನರಿದ್ದರೂ ನಿಜವಾಗಿ ನೋಡುವವರು ಹತ್ತು ಜನ ಇಲ್ಲದ ಚಾನೆಲ್ ನಡೆಸುವವನ ಉತ್ಸಾಹ ಬತ್ತಿಹೋಗುತ್ತದೆ. ದುಡಿಯುವ ಹುಡುಗರ ಆಸೆಯನ್ನು ಹೀಗೆ ವ್ಯಾಪಾರ ಮಾಡಿಕೊಂಡವರ ಮೇಲೆ ನನಗೆ ನಿಜವಾದ ಸಿಟ್ಟಿದೆ.

ಪಕ್ಕದ ಮನೆಯ ಹುಡುಗನಿಗೆ ವಿಡಿಯೋಗಳಲ್ಲಿ ಸಿನಿಮಾ ಹಾಡು ಹಾಕುವುದನ್ನು ಬಿಟ್ಟು ನೀನೇ ಮಾತಾಡು ಎಂದೆ. ಮೊನ್ನೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುವಾಗ ಸುಣ್ಣದ ಹದ ತಪ್ಪಿದರೆ ಏನಾಗುತ್ತದೆ ಎಂದು ಅವನು ತನ್ನ ದನಿಯಲ್ಲೇ ಹೇಳಿದ ಹನ್ನೆರಡು ನಿಮಿಷದ ವಿಡಿಯೋ ಬಂದಿದೆ. ಅವನ ಗಂಟೆಗಳು ಈಗ 2,600ರಲ್ಲಿವೆ.