ಹಳೇ ಬೆಳಕು ಅಂದ್ರೆ ಸತ್ತ ನಕ್ಷತ್ರ ಅಲ್ಲ

ನಿನ್ನೆ ಸಂಜೆ ಕಾರವಾರದ ಟ್ಯಾಗೋರ್ ಬೀಚಲ್ಲಿ ಯಾರೋ ಟೆಲಿಸ್ಕೋಪ್ ಇಟ್ಟಿದ್ರು, ಮಕ್ಕಳೆಲ್ಲ ಸಾಲು ನಿಂತಿದ್ವು, ಭಾಳ ಖುಷಿ ಆಯ್ತು. ಆದ್ರೆ ಅವರು ಮೈಕಲ್ಲಿ "ನೀವು ನೋಡ್ತಿರೋ ನಕ್ಷತ್ರ ಎಲ್ಲಾ ಯಾವತ್ತೋ ಸತ್ತು ಹೋಗಿವೆ, ಬರೀ ಬೆಳಕು ಬರ್ತಾ ಉಂಟು" ಅಂದ್ರು ನೋಡಿ, ಸಿಟ್ಟು ನೆತ್ತಿಗೇರ್ತು ಮಾರಾಯ್ರೆ. ವಾಟ್ಸಾಪಲ್ಲೂ ಇದೇ ಮಾತು ತಿರುಗ್ತಾ ಇರ್ತದೆ.

ಬೆಳಕು ಹಳೇದು, ಒಪ್ಪಿದೆ. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡಿದ್ರೂ ಸೂರ್ಯನಿಂದ ಇಲ್ಲಿಗೆ ಬರ್ಲಿಕ್ಕೆ 8 ನಿಮಿಷ ಬೇಕು. ಬೆಳಕು ಒಂದು ವರ್ಷದಲ್ಲಿ ಓಡೋ ದೂರವೇ ಒಂದು ಜ್ಯೋತಿರ್ವರ್ಷ. ಕೃತ್ತಿಕೆ ಸುಮಾರು 440 ಜ್ಯೋತಿರ್ವರ್ಷ ದೂರ, ನಿನ್ನೆ ಕಂಡ ಬೆಳಕು ಅಲ್ಲಿಂದ ಹೊರಟಾಗ ನಮ್ಮ ಸೋಂದೆಯಲ್ಲಿ ಅರಸಪ್ಪ ನಾಯಕರು ಆಳ್ತಿದ್ರು. ಆದ್ರೆ ನಕ್ಷತ್ರದ ಆಯಸ್ಸು? ಸೂರ್ಯನಂಥದ್ದು ಸಾವಿರ ಕೋಟಿ ವರ್ಷ ಉರೀತದೆ, ಬೇಗ ಸಾಯೋ ದೈತ್ಯಗಳಿಗೂ ಹತ್ತಾರು ಲಕ್ಷ ವರ್ಷ ಉಂಟು. ಬರಿಗಣ್ಣಿಗೆ ಕಾಣೋವು ಹೆಚ್ಚಿನವು ಒಂದೆರಡು ಸಾವಿರ ಜ್ಯೋತಿರ್ವರ್ಷದ ಒಳಗೇ ಇವೆ, ಅಷ್ಟರಲ್ಲಿ ಎಲ್ಲಿ ಸಾಯ್ತವೆ? ಮುಂಬೈಯಿಂದ ಅಣ್ಣ ಬರೆದ ಪತ್ರ ತಡವಾಗಿ ಬಂತು ಅಂತ ಅಣ್ಣನೇ ಇಲ್ಲ ಅಂತೀರಾ?

ನಂಗ್ಯಾಕೆ ಇಷ್ಟು ತಾಗ್ತದೆ ಅಂದ್ರೆ, ಅಪ್ಪಯ್ಯ ಹೋಗಿ ಎಂಟು ವರ್ಷ ಆಯ್ತು. ಲುಬ್ಧಕ (ಸಿರಿಯಸ್) ನಕ್ಷತ್ರ ಇರೋದು 8.6 ಜ್ಯೋತಿರ್ವರ್ಷ ದೂರ. ಈ ಚಳಿಗಾಲದಲ್ಲಿ ಕಾಣ್ತಿರೋ ಅದರ ಬೆಳಕು ಹೊರಟಾಗ ಅಪ್ಪಯ್ಯ ಶಿರಸಿಯಲ್ಲಿ ದಿನಾ ತೋಟಕ್ಕೆ ಹೋಗಿ ಬರ್ತಿದ್ರು. ನಕ್ಷತ್ರವೂ ಇನ್ನೂ ಉಂಟು. ಅದನ್ನ ಹೆಣ ಅಂತ ಕರೆದ್ರೆ ನಂಗೆ ತಡೆಯೋದಿಲ್ಲ.

"ಮಕ್ಕಳಿಗೆ ಥ್ರಿಲ್ ಆಗ್ಲಿ ಬಿಡೋ" ಅಂದ ಜೊತೆಗಿದ್ದ ಗೆಳೆಯ. ನಿಜದಲ್ಲೇ ಇಷ್ಟು ಥ್ರಿಲ್ ಇರೋವಾಗ ಸುಳ್ಳು ಯಾಕೆ ಬೇಕು? ಆಮೇಲೆ ಆರಿದ್ರಾ, ಅಂದ್ರೆ ಬೀಟಲ್‌ಜ್ಯೂಸ್ ಅನ್ನೋ ಕೆಂಪು ದೈತ್ಯ ನಕ್ಷತ್ರ, ಮಂಕಾಗಿತ್ತಲ್ಲ, ಅದು ಸತ್ತಿರ್ಬಹುದಲ್ಲ ಅಂತ ವಿಷಯ ತೆಗೆದ. 2019-20ರಲ್ಲಿ ಅದು ಮಂಕಾಗಿದ್ದು ಹೌದು, ಅದಕ್ಕೆ ಕಾರಣ ಅದೇ ಉಗುಳಿದ ಧೂಳು. ಮುಂದೆ ಯಾವತ್ತೋ ಸಿಡೀತದೆ, ಅದಕ್ಕೆ ಲಕ್ಷ ವರ್ಷವೂ ಹಿಡೀಬಹುದು, ಈಗಾಗ್ಲೇ ಸಿಡಿದಿರೋ ಸಾಧ್ಯತೆ ತೀರಾ ಕಡಿಮೆ.

ಟೆಲಿಸ್ಕೋಪಿನ ದೊಡ್ಡ ಕೆಲಸ ಮಂದ ಬೆಳಕನ್ನ ಕೂಡಿಸೋದು. ಕನ್ನಡಿ ದೊಡ್ಡದಾದಷ್ಟೂ ಇನ್ನೂ ಮಂಕಾದದ್ದು, ಇನ್ನೂ ದೂರದ್ದು, ಇನ್ನೂ ಹಳೇದು ಸಿಗ್ತದೆ. ಬಾಹ್ಯಾಕಾಶದಲ್ಲಿರೋ ಜೇಮ್ಸ್ ವೆಬ್ ಟೆಲಿಸ್ಕೋಪಿನ 6.5 ಮೀಟರ್ ಕನ್ನಡಿಗೆ 1300 ಕೋಟಿ ವರ್ಷಕ್ಕೂ ಹಿಂದಿನ ಬೆಳಕು ಬೀಳ್ತದೆ, ಅಲ್ಲಿ ಕಾಣೋ ದೈತ್ಯ ನಕ್ಷತ್ರಗಳು ಸತ್ತಿವೆ ಅಂದ್ರೆ ಸರಿ, ಅಲ್ಲಿ ಹೇಳ್ಲಿ. ನಿನ್ನೆ ಪಶ್ಚಿಮದ ಕಡೆ ಆಂಡ್ರೊಮಿಡಾ ಇತ್ತು, ಅದು ಒಂದು ನಕ್ಷತ್ರ ಅಲ್ಲ, ಕೋಟಿಗಟ್ಟಲೆ ನಕ್ಷತ್ರಗಳ ಗ್ಯಾಲಕ್ಸಿ, 25 ಲಕ್ಷ ವರ್ಷ ಹಳೇ ಬೆಳಕು, ನಮ್ಮಂಥ ಮನುಷ್ಯ ಜಾತಿಯೇ ಇಲ್ಲದ ಕಾಲದ್ದು. ಆ ಟೆಲಿಸ್ಕೋಪನ್ನ ಒಂದ್ಸಲ ಆ ಕಡೆ ತಿರುಗಿಸಿದ್ರೆ ಸಾಕಿತ್ತು, ಅದನ್ನ ಯಾರಿಗೂ ತೋರಿಸ್ಲೇ ಇಲ್ಲ.